ಟಿ. ದಾಸರಹಳ್ಳಿ ಮತ್ತು ಬೆಂಗಳೂರಿನ ದನಗಾಹಿ ಪರಂಪರೆ

ಟಿ. ದಾಸರಹಳ್ಳಿ ಬೆಂಗಳೂರಿನ ವಾಯವ್ಯ ಭಾಗದಲ್ಲಿ ತುಮಕೂರು ರಸ್ತೆಯ ಎರಡೂ ಬದಿಗೆ ಹರಡಿಕೊಂಡಿರುವ ಜನವಸತಿ. ಹೆಬ್ಬಾಳದ ಹತ್ತಿರ ಇನ್ನೊಂದು ದಾಸರಹಳ್ಳಿ ಇರುವುದರಿಂದ ಹೆಸರಿನ ಹಿಂದಿನ ‘ಟಿ.’ಯನ್ನು ಬಿಡುವಂತಿಲ್ಲ, ಬಿಟ್ಟರೆ ಆಟೋದವರು ಊರಿನ ಇನ್ನೊಂದು ದಿಕ್ಕಿಗೆ ಕರೆದೊಯ್ದಾರು. ಎಂಟನೇ ಮೈಲಿ, ಬಾಗಲಗುಂಟೆ, ಮಲ್ಲಸಂದ್ರ, ಚೊಕ್ಕಸಂದ್ರ, ಶೆಟ್ಟಿಹಳ್ಳಿ ಇದರ ನೆರೆಹೊರೆ. ಪೀಣ್ಯ ಕೈಗಾರಿಕಾ ಪ್ರದೇಶ ಕೂಗಳತೆಯಲ್ಲಿದೆ. ನಗರಸಭೆಯಾಗಿದ್ದ ದಾಸರಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಮರುವರ್ಷದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಹುಟ್ಟಿತು.

ಲೇತ್ ಯಂತ್ರ, ಗಾರ್ಮೆಂಟ್ಸ್ ಮತ್ತು ಬಾಡಿಗೆ ಮನೆಗಳ ಊರೆಂದು ಹೆಸರಾದ ಈ ಜಾಗವನ್ನು ದನಕರುಗಳ ಚರಿತ್ರೆಯ ಜೊತೆ ಇಟ್ಟು ನೋಡುವುದಕ್ಕೆ ಕಾರಣ ಅದು ಕೂತಿರುವ ರಸ್ತೆ. ಬೆಂಗಳೂರಿನಿಂದ ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗಗಳತ್ತ ಹೋಗುವ ಈ ದಾರಿ ಹಳ್ಳಿಕಾರ್ ದನಗಳ ಸೀಮೆ, ಗೊಲ್ಲರ ಹಟ್ಟಿಗಳು ಮತ್ತು ಅಮೃತ್ ಮಹಲ್ ಕಾವಲುಗಳ, ಅಂದರೆ ಹುಲ್ಲುಗಾವಲುಗಳ, ನಾಡನ್ನು ನಗರಕ್ಕೆ ಜೋಡಿಸುತ್ತದೆ. ಅಮೆರಿಕದ ಫೋರ್ಟ್ ವರ್ತ್, ಕೆನಡಾದ ಕ್ಯಾಲ್ಗರಿ ತಮ್ಮನ್ನು ಕೌಬಾಯ್ ನಗರಗಳೆಂದು ಕರೆದುಕೊಳ್ಳುತ್ತವೆ. ಬೆಂಗಳೂರು ಹಾಗೆ ಕರೆದುಕೊಂಡದ್ದಿಲ್ಲ. ಆದರೆ ದನ ಕಾಯುವವರ ಚರಿತ್ರೆಯ ವಯಸ್ಸನ್ನು ಅಳೆಯುವುದಾದರೆ ಆ ಎರಡೂ ಊರುಗಳು ಇದರ ಮುಂದೆ ಇನ್ನೂ ಹಾಲುಹಲ್ಲಿನ ಕರುಗಳು.

ತುರು, ವೀರಗಲ್ಲು, ಹಟ್ಟಿ

ಹಳೆಯ ಕರ್ನಾಟಕದಲ್ಲಿ ಸಂಪತ್ತೆಂದರೆ ತುರು, ಅಂದರೆ ದನ. ಒಂದು ಊರಿನ ಮೇಲೆ ದಾಳಿಯಿಡುವುದೆಂದರೆ ಬಹಳ ಸಲ ಅದರ ದನಗಳನ್ನು ಅಟ್ಟಿಕೊಂಡು ಹೋಗುವುದೇ ಆಗಿತ್ತು. ಹೀಗೆ ಹೋದ ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವರಿಗೆ ಊರವರು ಕಲ್ಲು ನಿಲ್ಲಿಸಿದರು. ಇಂಥ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗದ ಜೊತೆಗೆ ದನಗಳ ಸಾಲೂ ಕಾಣುತ್ತದೆ. ಬೆಂಗಳೂರಿನ ಹೆಸರು ಮೊದಲು ಕಾಣಿಸುವುದು ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿ. ಅದೂ ಕಾಳಗದಲ್ಲಿ ಮಡಿದವನೊಬ್ಬನ ನೆನಪಿನ ಕಲ್ಲು. ಹಾಲಿವುಡ್ ಸಿನಿಮಾಗಳಲ್ಲಿ ದನಗಳ್ಳರನ್ನು ಕುದುರೆಯ ಮೇಲೆ ಅಟ್ಟಿಸಿಕೊಂಡು ಹೋಗುವ ದೃಶ್ಯಕ್ಕಿಂತ ಸಾವಿರ ವರ್ಷ ಮೊದಲೇ ಅದೇ ಕಥೆ ಇಲ್ಲಿ ಕಲ್ಲಿನಲ್ಲಿತ್ತು. ನಮ್ಮವರು ಹೆಚ್ಚಾಗಿ ಕಾಲ್ನಡೆಯಲ್ಲಿದ್ದರು, ಅಷ್ಟೆ.

ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಾಡುಗೊಲ್ಲರು ಈ ಪರಂಪರೆಯ ಮುಖ್ಯ ವಾರಸುದಾರರು. ಅವರ ಹಟ್ಟಿಗಳು ಊರಿನಿಂದ ದೂರ, ಸುತ್ತ ಮುಳ್ಳಿನ ಬೇಲಿಯೊಳಗೆ ಇರುತ್ತಿದ್ದವು. ಅವರ ಸಾಂಸ್ಕೃತಿಕ ವೀರ ಜುಂಜಪ್ಪ ದನ ಕಾಯುವವನು. ಅವನ ಮೆಚ್ಚಿನ ಹೋರಿ ಬಡಮೈಲ ಕಾವ್ಯದಲ್ಲಿ ಅವನಷ್ಟೇ ದೊಡ್ಡ ಪಾತ್ರ. ಈ ಕಾವ್ಯವನ್ನು ಗಣೆ ಎಂಬ ಉದ್ದನೆಯ ಬಿದಿರಿನ ವಾದ್ಯ ನುಡಿಸುತ್ತಾ ಹಾಡುತ್ತಾರೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಚಳ್ಳಕೆರೆ ಕಡೆಯ ಮ್ಯಾಸಬೇಡರು ಇಂದಿಗೂ ‘ದೇವರ ಎತ್ತು’ಗಳ ಮಂದೆಗಳನ್ನು ಸಾಕುತ್ತಾರೆ. ಇವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಇವುಗಳ ಹಿಂದೆ ಕಾಡುಮೇಡು ಅಲೆಯುವವನಿಗೆ ಕಿಲಾರಿ ಎಂದು ಹೆಸರು. ಬರ ಬಂದು ಮೇವಿಲ್ಲದೆ ಮಂದೆ ಸೊರಗಿದಾಗ ಅವನ ಪಾಡು ಯಾವ ಹಾಡಿಗೂ ಸೇರುವುದಿಲ್ಲ.

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಈ ಭಾಗದ ದನಗಾಹಿಗಳ ಬಗ್ಗೆ, ಅವರ ಪಶುಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಬೆಂಗಳೂರು ಬೆಳೆದಂತೆ ಹಟ್ಟಿಗಳು ಬಡಾವಣೆಗಳಾದವು. ಮಾಗಡಿ ರಸ್ತೆಯ ಗೊಲ್ಲರಹಟ್ಟಿ, ನ್ಯೂ ಬಿಇಎಲ್ ರಸ್ತೆ ಬಳಿಯ ಲೊಟ್ಟೆಗೊಲ್ಲಹಳ್ಳಿ, ಯಲಹಂಕದ ಜಾರಕಬಂಡೆ ಕಾವಲ್, ಕಾವಲ್‌ಭೈರಸಂದ್ರ – ಬಸ್ಸಿನ ಬೋರ್ಡುಗಳಲ್ಲಿ ನಿತ್ಯ ಓದುವ ಈ ಹೆಸರುಗಳಲ್ಲಿ ಗೊಲ್ಲರೂ ಹುಲ್ಲುಗಾವಲೂ ಉಳಿದುಕೊಂಡಿವೆ.

ಬೆಣ್ಣೆ ಚಾವಡಿಯಿಂದ ಅಮೃತ್ ಮಹಲ್‌ಗೆ

ಅಮೆರಿಕದ ಕೌಬಾಯ್ ದನಗಳನ್ನು ಅಟ್ಟಿದ್ದು ಮಾಂಸದ ಮಾರುಕಟ್ಟೆಗೆ. ಟೆಕ್ಸಸ್‌ನಿಂದ ಕಾನ್ಸಸ್‌ನ ರೈಲು ನಿಲ್ದಾಣಗಳವರೆಗೆ ನಡೆಸಿಕೊಂಡು ಹೋದ ಆ ದೊಡ್ಡ ಮಂದೆಗಳ ಕಾಲ ಹೆಚ್ಚು ಕಡಿಮೆ 1860ರ ದಶಕದ ಕೊನೆಯಿಂದ ಇಪ್ಪತ್ತು ವರ್ಷ. 1876ರಲ್ಲಿ ಫೋರ್ಟ್ ವರ್ತ್‌ಗೇ ರೈಲು ಬಂತು. ಮೈಸೂರು ಸೀಮೆಯಲ್ಲಿ ದನಗಾಹಿ ಕೆಲಸ ನಿಂತದ್ದು ಎರಡು ಬೇರೆ ಕಂಬಗಳ ಮೇಲೆ: ಅರಮನೆಯ ಹಾಲು ಬೆಣ್ಣೆ ಮತ್ತು ಸೈನ್ಯದ ಎತ್ತು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ಪಶುಸಂಪತ್ತನ್ನು ನೋಡಿಕೊಳ್ಳುವ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ರಾಜ್ಯದ ಬೇರೆ ಬೇರೆ ಕಡೆ ಮೇವಿಗೆಂದೇ ಕಾವಲುಗಳನ್ನು ಗುರುತಿಸಿ ಬಿಟ್ಟಿದ್ದರು. ಹೈದರ್ ಅಲಿ ಈ ವ್ಯವಸ್ಥೆಯ ಸೈನಿಕ ಬೆಲೆಯನ್ನು ಕಂಡುಕೊಂಡ. ಫಿರಂಗಿ ಎಳೆಯುವ ಎತ್ತು ಶತ್ರುವಿನ ಎತ್ತಿಗಿಂತ ಬೇಗ ನಡೆದರೆ ಅರ್ಧ ಯುದ್ಧ ಗೆದ್ದಂತೆ. ಚಿದಂಬರದ ನೆರವಿಗೆ ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳಿಂದಲೇ ಎಂದು ಬ್ರಿಟಿಷ್ ಬರಹಗಾರರೇ ಬರೆದುಕೊಂಡಿದ್ದಾರೆ. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟು, ದನಗಳ ಆರೈಕೆ, ತಳಿ, ಲೆಕ್ಕ ಹೇಗಿರಬೇಕೆಂದು ಹುಕುಂನಾಮೆ ಹೊರಡಿಸಿದ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹುಲ್ಲು ಮತ್ತೆ ಚಿಗುರಲು ನೆಲಕ್ಕೆ ಬಿಡುವು ಸಿಗುತ್ತಿತ್ತು.

ಈ ಎತ್ತುಗಳ ಮಹತ್ವ ಎದ್ದು ಕಾಣುವುದು ಬೆಂಗಳೂರಿನ ಯುದ್ಧದಲ್ಲಿ. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೂ ಹೋದ. ಅಲ್ಲಿ ಅವನನ್ನು ತಡೆದದ್ದರಲ್ಲಿ ಕೋಟೆಗೋಡೆಗಿಂತ ಎತ್ತುಗಳ ಸಾವಿನ ಪಾಲು ಹೆಚ್ಚು. ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ಭಾರಿ ತೋಪುಗಳನ್ನು ಅಲ್ಲೇ ಒಡೆದುಹಾಕಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮುಂದಿನ ತಿಂಗಳುಗಳಲ್ಲಿ ಅವನ ಸೈನ್ಯದ ಹೊಟ್ಟೆ ತುಂಬಿಸಿದವರು ಹೇರೆತ್ತುಗಳ ಮೇಲೆ ಧಾನ್ಯ ಹೊತ್ತು ತಂದ ಬಂಜಾರರು. 1792ರ ಗೆಲುವಿನ ಚಿತ್ರಗಳಲ್ಲಿ ಸೇನಾಪತಿಗಳಿದ್ದಾರೆ, ಒತ್ತೆಯಾಳಾದ ಟಿಪ್ಪುವಿನ ಮಕ್ಕಳಿದ್ದಾರೆ. ಎತ್ತು ಹೊಡೆದುಕೊಂಡು ಬಂದವರಿಗೆ ಅಲ್ಲಿ ಜಾಗವಿಲ್ಲ.

1799ರಲ್ಲಿ ಟಿಪ್ಪು ಮಡಿದ ನಂತರ ಮಂದೆ ಬ್ರಿಟಿಷರ ಕೈಸೇರಿತು. ಸೈನ್ಯಕ್ಕೆ ಎತ್ತು ಒದಗಿಸುವ ಕೆಲಸ ಮುಂದುವರಿಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಸಂಸ್ಥೆಯನ್ನು ಮುಚ್ಚಿ ದನಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಮಾಡಿದ್ದು ತಪ್ಪೆಂದು ಗೊತ್ತಾಗಿ ಮತ್ತೆ ಮಂದೆ ಕಟ್ಟಿದರು. ಈಗ ಈ ತಳಿಯ ಮುಖ್ಯ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ಹಳ್ಳಿಕಾರ್

ಬೆಂಗಳೂರಿನ ಸುತ್ತಲಿನ ರೈತನ ಎತ್ತು ಎಂದರೆ ಹಳ್ಳಿಕಾರ್. ತುಮಕೂರು, ಮಂಡ್ಯ, ಹಾಸನ, ಮೈಸೂರು, ಬೆಂಗಳೂರು ಗ್ರಾಮಾಂತರ, ರಾಮನಗರ ಇದರ ತವರು. ಅಮೃತ್ ಮಹಲ್ ತಳಿಯೂ ಮೂಲದಲ್ಲಿ ಇದಕ್ಕೆ ಹತ್ತಿರದ ನೆಂಟ. ಬೂದು ಮೈ, ಉದ್ದನೆಯ ಮುಖ, ಹತ್ತಿರದಲ್ಲೇ ಹುಟ್ಟಿ ನೇರ ಮೇಲೆದ್ದು ಹಿಂದಕ್ಕೆ ಬಾಗುವ ಚೂಪು ಕೋಡು, ಬಿಗಿಯಾದ ಸಣ್ಣ ಕಾಲು. ಹಾಲು ಕಡಿಮೆ, ಓಟ ಜೋರು. 2000ದಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಮೇಲೆ ತಂದ ಚೀಟಿಗಳಲ್ಲಿ ಇದಕ್ಕೂ ಒಂದು ಸಿಕ್ಕಿತು. 2021ರ ಬೆಂಗಳೂರು ಕೃಷಿ ಮೇಳದಲ್ಲಿ ಕೃಷ್ಣ ಎಂಬ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ರೂಪಾಯಿ ಬೆಲೆ ಎಂಬ ಸುದ್ದಿ ಹಬ್ಬಿ, ಜನ ಅದರ ಜೊತೆ ಸೆಲ್ಫಿಗೆ ನಿಂತರು. ಅಂಥ ಬೆಲೆಗೆ ಕಾರಣ ಬೀಜದ ಹೋರಿಯೆಂಬುದು. ಉಳುವ ಎತ್ತಿನ ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ತಳಿಯನ್ನು ಹತ್ತಿರದಿಂದ ಕಾಣಬೇಕಾದ ಜಾಗ ದನಗಳ ಜಾತ್ರೆ. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯ, ತುಮಕೂರಿನ ಸಿದ್ಧಗಂಗೆ, ಮಾಗಡಿಯ ರಂಗನಾಥಸ್ವಾಮಿ ಜಾತ್ರೆಗಳು ಬೆಂಗಳೂರಿಗೆ ಸಮೀಪದವು. ಸಾಕಿದವನು ಜೋಡಿಗೆ ಚಪ್ಪರ ಹಾಕಿ, ಮೈ ತೊಳೆದು, ಕೋಡು ಹೆರೆದು, ಕೋಡಣಸು ತೊಡಿಸಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸಿರುತ್ತಾನೆ. ಕೊಳ್ಳುವವನು ಮೊದಲು ಹಿಂದೆ ನಿಂತು ನಡಿಗೆ ನೋಡುತ್ತಾನೆ. ಆಮೇಲೆ ಬಾಯಿ ತೆರೆಸಿ ಹಲ್ಲು: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಆಮೇಲೆ ಸುಳಿ. ಬೆನ್ನ ಮೇಲೆ, ಹಣೆಯ ಮೇಲೆ ಕೂದಲು ಸುತ್ತಿದ ಜಾಗ ಸರಿಯಿಲ್ಲವೆಂದರೆ ಎಂಥ ಚೆಂದದ ಎತ್ತಾದರೂ ಬೆಲೆ ಇಳಿಯುತ್ತದೆ. ಕೊನೆಗೆ ದಲ್ಲಾಳಿ ಟವೆಲ್ ಹೊದೆಸಿ ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಮೂವರಿಗೆ ಮಾತ್ರ ಗೊತ್ತು. ಮೊಬೈಲ್ ಕ್ಯಾಲ್ಕುಲೇಟರ್ ಬಂದ ಮೇಲೂ ಈ ಟವೆಲ್ ಸಂಪೂರ್ಣ ಮರೆಯಾಗಿಲ್ಲ. ಟ್ರ್ಯಾಕ್ಟರ್ ಬಂದು ಉಳುಮೆಗೆ ಎತ್ತು ಬೇಡವಾಗಿದೆ. 2022ರಲ್ಲಿ ಚರ್ಮಗಂಟು ರೋಗದಿಂದಾಗಿ ಜಾತ್ರೆಗಳಿಗೆ ನಿರ್ಬಂಧ ಬಿತ್ತು. ಆದರೂ ಜಾತ್ರೆ ನಿಂತಿಲ್ಲ. ಇಂದು ಜೋಡಿ ಕಟ್ಟುವವರಲ್ಲಿ ಬಹಳ ಮಂದಿಗೆ ಅದು ಹೊಲದ ಅಗತ್ಯಕ್ಕಿಂತ ಮನೆತನದ ಶೋಕಿ.

ಹೆಸರಘಟ್ಟ: ಹುಲ್ಲುಗಾವಲು ಉಳಿದ ಕಡೆ

ದಾಸರಹಳ್ಳಿಯಿಂದ ವಾಯವ್ಯಕ್ಕೆ ಹೊರಟರೆ ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿ ಹೆಸರಘಟ್ಟ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಇಲ್ಲಿ ಕಟ್ಟಿದ ಕೆರೆಯಿಂದಲೇ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹರಿಯಿತು. ಕೆರೆಯ ಆಚೆ ಸುಮಾರು ಐದು ಸಾವಿರ ಎಕರೆಯ ಹುಲ್ಲುಗಾವಲು. ನಗರದ ಇಷ್ಟು ಸಮೀಪದಲ್ಲಿ ಇಷ್ಟು ದೊಡ್ಡ ಬಯಲು ಬೇರೆಲ್ಲೂ ಇಲ್ಲ. ಡೆನ್ಮಾರ್ಕ್ ನೆರವಿನಿಂದ ಇಲ್ಲಿ ಹೈನು ಯೋಜನೆ ನಡೆದಿತ್ತು. 1969ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಸಂಸ್ಥೆ ಈಗಲೂ ಇದೆ. ದೇಶದ ಕೊಟ್ಟಿಗೆಗಳಲ್ಲಿ ಹುಟ್ಟಿದ ಎಷ್ಟೋ ‘ಸೀಮೆಹಸು’ಗಳ ತಂದೆಗಳು ಹೆಸರಘಟ್ಟದವು.

ಬಯಲನ್ನು ಖಾಲಿ ಜಾಗ ಎಂದು ಓದುವುದು ಸರ್ಕಾರಗಳ ಹಳೆಯ ಅಭ್ಯಾಸ. ಇಲ್ಲಿ ಚಿತ್ರನಗರಿ ಕಟ್ಟುವ ಮಾತು ಒಂದಕ್ಕಿಂತ ಹೆಚ್ಚು ಸಲ ಎದ್ದಿತು. ಸಂರಕ್ಷಿತ ಪ್ರದೇಶವಾಗಿ ಘೋಷಿಸಬೇಕೆಂಬ ಪ್ರಸ್ತಾಪವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಕೈಬಿಟ್ಟಿತ್ತು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, 2024ರಲ್ಲಿ ಒಪ್ಪಿಗೆ ಸಿಕ್ಕಿತು. ವಿರೋಧಿಸಿದವರಲ್ಲಿ ಸುತ್ತಲ ಹಳ್ಳಿಯವರೂ ಇದ್ದರು. ‘ನಮ್ಮ ದನ ಮೇಯೋದೆಲ್ಲಿ’ ಎಂಬುದು ಅವರ ಪ್ರಶ್ನೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ದನ ಮೇಯ್ದದ್ದರಿಂದಲೇ ಈ ಬಯಲು ಇಷ್ಟು ಕಾಲ ಬಯಲಾಗಿ ಉಳಿದಿದೆ.

ಉಳಿದ ಕಡೆ ಬಯಲು ಹೇಗೆ ಕರಗಿತು ಎಂಬುದಕ್ಕೆ ಉತ್ತರ ಕಂದಾಯ ಕಾನೂನಿನಲ್ಲಿದೆ. ಪ್ರತಿ ಗ್ರಾಮದಲ್ಲಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳವಾಗಿ ಬಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಜಿಲ್ಲಾಧಿಕಾರಿ ಈ ವಿಸ್ತೀರ್ಣವನ್ನು ಹೆಚ್ಚು ಕಡಿಮೆ ಮಾಡಬಹುದು. ಊರಿಗೆ ಕಾರ್ಖಾನೆ ಬರುತ್ತದೆ, ರೈತ ಹೊಲ ಮಾರುತ್ತಾನೆ, ದನ ಕಡಿಮೆಯಾಗುತ್ತವೆ. ದನ ಕಡಿಮೆಯಾದಾಗ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ. ಹೆಚ್ಚುವರಿಯಾದದ್ದು ಹಂಚಿಕೆಯಾಗುತ್ತದೆ. ಗೋಮಾಳ ಹೋದ ಮೇಲೆ ಉಳಿದ ದನಗಳಿಗೂ ಮೇವಿಲ್ಲ. ಇಡೀ ಬೆಂಗಳೂರಿನ ಹೊರವಲಯಕ್ಕೆ ಇದೇ ಲೆಕ್ಕ ಅನ್ವಯಿಸುತ್ತದೆ.

ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ, ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೊ ಮುಂತಾದವುಗಳಿಗೆ ಕೊಡಲಾಯಿತು. ಸುತ್ತಲ ಕುರಿಗಾಹಿ, ದನಗಾಹಿಗಳು ಹಸಿರು ನ್ಯಾಯಪೀಠದವರೆಗೂ ಹೋದರು. ಅಮೃತ್ ಮಹಲ್ ಕಾವಲು ಒಂದು ಕಾಲದಲ್ಲಿ ರಾಜ್ಯದ ರಕ್ಷಣೆಗೆ ಎತ್ತು ಕೊಡುತ್ತಿತ್ತು; ಈಗ ಅಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ.

ನಗರದೊಳಗೆ ಹಾಲು, ಪ್ರದರ್ಶನ, ಸಿನಿಮಾ

ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಇಂಪೀರಿಯಲ್ ಪಶುಪಾಲನಾ ಮತ್ತು ಹೈನು ಸಂಸ್ಥೆ ಮುಂದೆ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಗಿ ಕರ್ನಾಲ್‌ಗೆ ಹೋಯಿತು. ಇಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದ ಗಾಂಧೀಜಿ ಇಲ್ಲಿಗೆ ಬಂದು ಹಸು ಸಾಕುವ ಕ್ರಮ ಕಲಿತರು. 1958ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜು ಬಂತು. 1974ರ ನಂತರದ ಸಹಕಾರಿ ಹೈನುಗಾರಿಕೆ ನಂದಿನಿ ಪ್ಯಾಕೆಟ್ಟಿನ ರೂಪದಲ್ಲಿ ಮನೆಮನೆ ತಲುಪಿತು. ನಾಟಿ ಹಸು ಹಿಂದೆ ಸರಿದು ಸೀಮೆಹಸು ಕೊಟ್ಟಿಗೆಗೆ ಬಂದದ್ದು ಈ ದಾರಿಯಲ್ಲಿ.

ಕೌಬಾಯ್ ನಗರಗಳ ಜೀವಾಳ ಪ್ರದರ್ಶನ. ಕ್ಯಾಲ್ಗರಿಯ ಸ್ಟಾಂಪೀಡ್ 1912ರಲ್ಲಿ ಮೊದಲ ಸಲ ನಡೆಯಿತು. ಈಗ ಪ್ರತಿ ಜುಲೈಯಲ್ಲಿ ಹತ್ತು ದಿನ. ಫೋರ್ಟ್ ವರ್ತ್‌ನಲ್ಲಿ ದಿನಕ್ಕೆರಡು ಸಲ ಉದ್ದ ಕೋಡಿನ ದನಗಳನ್ನು ಪ್ರವಾಸಿಗರೆದುರು ಬೀದಿಯಲ್ಲಿ ನಡೆಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಹಾವೇರಿ, ಶಿವಮೊಗ್ಗ ಸೀಮೆಯ ಹೋರಿ ಬೆದರಿಸುವ ಸ್ಪರ್ಧೆ. ಕೊರಳಿಗೆ ಒಣಕೊಬ್ಬರಿ ಮಾಲೆ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಕೊಬ್ಬರಿ ಕಿತ್ತವನು ಗೆದ್ದಂತೆ. ಪ್ರತಿವರ್ಷ ಗಾಯಗಳಾಗುತ್ತವೆ, ಸಾವೂ ಆಗುತ್ತದೆ. ಬೆಂಗಳೂರು ಇಂಥದ್ದನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು. 2023ರ ನವೆಂಬರ್ 25, 26ರಂದು ಅರಮನೆ ಮೈದಾನದಲ್ಲಿ ಕರಾವಳಿಯ ಕೋಣಗಳು ಓಡಿದ ಕಂಬಳ ಜನಸಾಗರವನ್ನೇ ಸೆಳೆಯಿತು. ಅದು ತುಳುನಾಡಿನ ಆಟ. ಈ ಊರಿನ ಸ್ವಂತ ಹಳ್ಳಿಕಾರ್ ಎತ್ತಿಗೆ ಅಂಥ ವೇದಿಕೆ ಇಲ್ಲಿ ಸಿಕ್ಕಿಲ್ಲ.

ಟೋಪಿ, ಬೂಟು, ಪಿಸ್ತೂಲಿನ ಕೌಬಾಯ್ ಕನ್ನಡಕ್ಕೆ ಬಂದದ್ದು ಬೆಳ್ಳಿತೆರೆಯಿಂದ. 1973ರ ‘ಕೌಬಾಯ್ ಕುಳ್ಳ’ದಲ್ಲಿ ದ್ವಾರಕೀಶ್ ಆ ವೇಷ ತೊಟ್ಟರು. ಅದೇ ಕಾಲದಲ್ಲಿ ನಗರದ ಅಂಚಿನಲ್ಲಿ ನಿಜವಾಗಿ ದನ ಕಾಯುತ್ತಿದ್ದ ಹುಡುಗನಿಗೆ ‘ದನ ಕಾಯೋಕೆ ಹೋಗು’ ಎಂಬುದು ಮೇಷ್ಟ್ರ ಬೈಗುಳವಾಗಿತ್ತು. ಬಸವನಿಗೆ ಬಸವನಗುಡಿಯಲ್ಲಿ ಗುಡಿಯಿದೆ, ಕಡಲೆಕಾಯಿ ಪರಿಷೆಯಿದೆ. ಅವನನ್ನು ಮೇಯಿಸಿದವನಿಗೆ ಈ ನಗರ ಮರ್ಯಾದೆ ಕೊಟ್ಟದ್ದು ಕಡಿಮೆ.

ಇಲ್ಲಿ ಬದುಕು

ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ರೂಪುಗೊಂಡು ಏಷ್ಯಾದ ದೊಡ್ಡ ಸಣ್ಣಕೈಗಾರಿಕಾ ನೆಲೆಗಳಲ್ಲಿ ಒಂದಾಯಿತು. ಅಲ್ಲಿ ದುಡಿಯುವವರಿಗೆ ದಾಸರಹಳ್ಳಿ ಮನೆ. ತುಮಕೂರು, ಹಾಸನ, ಉತ್ತರ ಕರ್ನಾಟಕದಿಂದ ಬಂದವರ ಜೊತೆ ಈಗ ಒಡಿಶಾ, ಬಿಹಾರದವರೂ ಇದ್ದಾರೆ. ಇವರಲ್ಲಿ ಹಲವರ ಊರಮನೆಯಲ್ಲಿ ಈಗಲೂ ಒಂದೆರಡು ದನ ಇವೆ. ಹಳೆಯ ಗ್ರಾಮಠಾಣದ ಗಲ್ಲಿಗಳಲ್ಲಿ ಶೀಟಿನ ಕೊಟ್ಟಿಗೆ, ಗೋಡೆಗೆ ತಟ್ಟಿದ ಬೆರಣಿ, ಬೂಸಾ ಮೂಟೆ ಕಾಣಸಿಗುತ್ತವೆ. ಎದುರಿಗೇ ಹಸು ಕರೆದು ಪಾತ್ರೆಗೆ ಹಾಲು ಅಳೆದುಕೊಡುವವರಿಗೆ ಗಿರಾಕಿಗಳು ಕಡಿಮೆಯಾಗಿಲ್ಲ. ಮೇಯಲು ಜಾಗವಿಲ್ಲದೆ ಬಿಟ್ಟ ಹಸು ರಸ್ತೆಯ ಕಸ ತಿನ್ನುತ್ತದೆ, ಪಾಲಿಕೆಯವರು ಹಿಡಿದು ದೊಡ್ಡಿಗೆ ಸಾಗಿಸಿದರೆ ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ನೀರಿನ ಕಷ್ಟ ಹಳೆಯದು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ.

ಭೇಟಿ

ನಮ್ಮ ಮೆಟ್ರೊ ಹಸಿರು ಮಾರ್ಗದ ದಾಸರಹಳ್ಳಿ ನಿಲ್ದಾಣ 2015ರ ಮೇ 1ರಂದು ತೆರೆಯಿತು. 2024ರ ನವೆಂಬರ್‌ನಿಂದ ರೈಲು ಮಾದಾವರದವರೆಗೆ ಹೋಗುತ್ತದೆ. ಈ ಭಾಗದಲ್ಲಿ ಮಾರ್ಗ ಎತ್ತರದ ಮೇಲಿರುವುದರಿಂದ ಕಾರ್ಖಾನೆಗಳ ಶೀಟುಗಳ ಆಚೆ ಊರು ಹೇಗೆ ಹರಡಿದೆ ಎಂಬುದು ಕಿಟಕಿಯಿಂದಲೇ ತಿಳಿಯುತ್ತದೆ. ಹೆಸರಘಟ್ಟಕ್ಕೆ ಮೆಟ್ರೊ ಇಲ್ಲ. ಜಾಲಹಳ್ಳಿ ಕ್ರಾಸ್ ಸುತ್ತಮುತ್ತ ಬಸ್ಸು, ಆಟೋ ಹಿಡಿಯಬೇಕು.

ಬೇಸಿಗೆಯಲ್ಲಿ ಬಂದವರಿಗೆ ಈ ಪರಂಪರೆ ಅಷ್ಟಾಗಿ ಕಾಣುವುದಿಲ್ಲ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ನವೆಂಬರ್‌ನಲ್ಲಿ ಜಿಕೆವಿಕೆಯ ಕೃಷಿ ಮೇಳ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆ. ಜನವರಿಯ ಸಂಕ್ರಾಂತಿ ಸಂಜೆ ಹೊರವಲಯದ ಹಳ್ಳಿಗಳಲ್ಲಿ, ಅಪರೂಪಕ್ಕೆ ನಗರದ ಬೀದಿಗಳಲ್ಲೂ, ಹುಲ್ಲಿಗೆ ಬೆಂಕಿ ಹಚ್ಚಿ ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಶಿವರಾತ್ರಿಗೆ ಸಿದ್ಧಗಂಗೆ. ಡಿಸೆಂಬರ್–ಜನವರಿಯ ಘಾಟಿ ಜಾತ್ರೆಗೆ ಹೋಗುವವರು ತೇರಿನ ದಿನಕ್ಕೆ ಕಾಯಬಾರದು. ದನಗಳು ಸೇರುವುದು ತೇರಿಗೆ ಮೊದಲೇ. ತೇರು ಎಳೆಯುವ ಹೊತ್ತಿಗೆ ಒಳ್ಳೆಯ ಜೋಡಿಗಳೆಲ್ಲ ಲಾರಿ ಹತ್ತಿಬಿಟ್ಟಿರುತ್ತವೆ.